ಮುದುಕಿ ಹಲ್ಲಿನ ಇಳಕಲು

ಗೋಕಾಕದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಕೇದಾರಿ ಮಿಸ್ತ್ರಿಯ ಸೈಕಲ್ ಅಂಗಡಿ. ಕೆಲಸದಲ್ಲಿ ಆಸಾಮಿ ಅಪ್ಪಟ. ಅವನು ಕಟ್ಟಿದ ಗಾಲಿ ತಿರುಗಿದರೆ ಕೂದಲೆಳೆಯಷ್ಟೂ ಓಲಾಡುತ್ತಿರಲಿಲ್ಲ. ಆದರೆ ವಯಸ್ಸು ನಾಲ್ವತ್ತೆರಡಾದರೂ ಬಿಡದ ಹುಚ್ಚೊಂದು ಅವನಿಗಿತ್ತು. ಗುಡ್ಡದ ಹುಚ್ಚು. ಹತ್ತುವುದಲ್ಲ ಬಿಡಿ, ಗುಡ್ಡವನ್ನು ಕತ್ತೆಯೂ ಹತ್ತುತ್ತದೆ. ಸೈಕಲ್ ಮೇಲೆ ಕೂತು ಇಳಿಯುವ ಹುಚ್ಚು.

ಅದು ಬಂದದ್ದು ಕಟ್ಟಿಗೆಯಿಂದ. ಹದಿನಾರನೇ ವಯಸ್ಸಿನಲ್ಲಿ ಅವನು ಊರಾಚೆಯ ಹದ್ದಿನಗುಡ್ಡದಿಂದ ಎರಡು ಹೊರೆ ಕಟ್ಟಿಗೆಯನ್ನು ಸೈಕಲ್ಲಿಗೆ ಹೇರಿಕೊಂಡು ಇಳಿಯುತ್ತಿದ್ದ. ಬ್ರೇಕು ಎನ್ನುವುದು ಹೆಸರಿಗೆ ಮಾತ್ರ. ಚಪ್ಪಲಿಯ ಅಟ್ಟೆಯನ್ನು ಟಾಯರಿಗೆ ಒತ್ತಿದರೆ ಅದೇ ಬ್ರೇಕು. ಭಾರ ಹೊತ್ತ ಸೈಕಲ್ ಎಲ್ಲಿ ನಿಲ್ಲುತ್ತದೆ, ಎಲ್ಲಿ ಜಾರುತ್ತದೆ ಎನ್ನುವುದು ಅವನ ಕಾಲಿಗೆ ಬಾಯಿಪಾಠವಾಗಿತ್ತು. ಮುಂದೆ ಮನೆಗೆ ಗ್ಯಾಸ್ ಬಂತು, ಕಟ್ಟಿಗೆ ನಿಂತಿತು, ಗುಡ್ಡ ಮಾತ್ರ ನಿಲ್ಲಲಿಲ್ಲ. ಐತವಾರ ಬಂತೆಂದರೆ ತಾನೇ ಕಟ್ಟಿದ ಹಳೇ ಸೈಕಲ್ಲಿಗೆ ದಪ್ಪ ಟಾಯರು ಹಾಕಿಕೊಂಡು ಹೊರಟುಬಿಡುತ್ತಿದ್ದ.

"ಮಂದಿ ಗುಡ್ಡ ಹತ್ತಿದ್ರ ದೇವರರ ಸಿಗತಾನ. ನೀವು ಹತ್ತಿ ಇಳೀತೀರಿ, ಮೊಣಕಾಲ ತೊಗಲ ಅಷ್ಟ ಹೋಗತೈತಿ," ಎಂದು ಹೆಂಡತಿ ಸಾವಂತ್ರೆವ್ವ ಅರಿಷಿಣ ಹಚ್ಚುತ್ತ ಬೈಯುತ್ತಿದ್ದಳು. ಆಕೆಯ ಬಾಯಿ ಖಾರ, ಆದರೆ ಆಡಿದ ಮಾತು ಎಂದೂ ಸುಳ್ಳಾಗಿರುತ್ತಿರಲಿಲ್ಲ. ಓಣಿಯ ಮಂದಿಗೆ ಆಕೆಯ ಈ ಗುಣದ ಬಗ್ಗೆ ಗೌರವ. ಕೇದಾರಿಗೆ ಅಂಜಿಕೆ.

ಎರಡು ಸಾವಿರದ ಮೂರರ ಒಂದು ಮುಂಜಾನೆ ಅಂಗಡಿಯ ಮುಂದೆ ಒಬ್ಬ ತರುಣ ಬಂದು ನಿಂತ. ಹೆಸರು ಅಭಿನಂದನ. ಹುಕ್ಕೇರಿಯಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಇಟ್ಟ ಕುಂಥುನಾಥ ಸಾವಕಾರರ ಮಗ. ಅವನ ಕೈಯಲ್ಲಿದ್ದ ಸೈಕಲ್ ನೋಡಿ ಕೇದಾರಿಯ ಕೈಯಿಂದ ನಟ್ಟು ಬಿಚ್ಚುವ ಪಾನಾ ಜಾರಿತು. ಪುಣೆಯಲ್ಲಿ ಓದುವಾಗ, ತಿರುಗಿ ತನ್ನ ದೇಶಕ್ಕೆ ಹೊರಟ ಒಬ್ಬ ಅಮೆರಿಕದವನಿಂದ ಕೊಂಡ ಸೈಕಲ್ ಅದು. ಮುಂದೆ ಸ್ಪ್ರಿಂಗ್ ಕಾಲು, ಇಪ್ಪತ್ತನಾಲ್ಕು ಗೇರು, ಎತ್ತಿದರೆ ಹುಲ್ಲಿನ ಹೊರೆಯಷ್ಟು ಹಗುರ.

"ಕಾಕಾ, ಬರೇ ಗಾಳಿ ಹಾಕ್ರಿ. ಮತ್ತ ಒಂದ ಮಾತ ಕೇಳ್ತೇನಿ. ಈ ಗುಡ್ಡದಾಗ ಸೈಕಲ್ ಮ್ಯಾಲ ಇಳಿಯೂವಂಥಾ ದಾರಿ ಅದಾವೇನ್ರಿ?"

ಇಪ್ಪತ್ತಾರು ವರ್ಷ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕೇದಾರಿ ಹನ್ನೊಂದು ಗಂಟೆಯ ಹೊತ್ತಿಗೆ, ಗಿರಾಕಿಗಳು ನಿಂತಿರುವಾಗಲೇ, ಅಂಗಡಿಯ ಬಾಗಿಲು ಎಳೆದ.

ಅಲ್ಲಿಂದ ಎರಡು ವರ್ಷ ಇಬ್ಬರಿಗೂ ಐತವಾರವೆಂದರೆ ಗುಡ್ಡ. ಯಮಕನಮರಡಿ ಕಡೆಯ ಬೋಳು ಗುಡ್ಡಗಳು, ಗೋಕಾಕದ ಸುತ್ತಲಿನ ಕಲ್ಲುಗುಡ್ಡಗಳು, ಒಂದನ್ನೂ ಬಿಡಲಿಲ್ಲ. ಅರಭಾವಿ ಕಾಲೇಜಿನ ಹುಡುಗರು ಬಸ್ಸಿನ ಕಿಟಕಿಯಿಂದ ಇವರನ್ನು ನೋಡಿ ಕೇಕೆ ಹಾಕುತ್ತಿದ್ದರು. ಮೂಡಲಗಿಯ ಸಂತೆಗೆ ಹೊರಟವರು ಗಾಡಿ ನಿಲ್ಲಿಸಿ, "ಏನ್ ಕಳಕೊಂಡೀರಿ?" ಎಂದು ಕೇಳುತ್ತಿದ್ದರು. ದಾರಿ ಹುಡುಕಲು ಕೇದಾರಿಯ ಹತ್ತಿರ ಒಂದೇ ಸೂತ್ರ. "ಆಡು ಹಾದಲ್ಲಿ ಸೈಕಲ್ ಹಾಯತೈತಿ. ನೀರು ಹರಿದಲ್ಲಿ ಹೋಗಬ್ಯಾಡ, ಅಲ್ಲಿ ಕಲ್ಲು ಸಡ್ಲ ಇರ್ತಾವು." ಅಭಿನಂದನ ಅದನ್ನು ಮಂತ್ರದಂತೆ ಒಪ್ಪಿಕೊಂಡಿದ್ದ. ಹೊತ್ತು ಮುಳುಗುವ ಮೊದಲು ಅವನ ಊಟ ಆಗಬೇಕು, ಅದು ಜೈನರ ಮನೆಯ ರೂಢಿ. ಹಾಗಾಗಿ ನಾಲ್ಕು ಗಂಟೆಗೆಲ್ಲ ಇಬ್ಬರೂ ಗುಡ್ಡದ ಬುಡಕ್ಕೆ ಬಂದು ಬುತ್ತಿ ಬಿಚ್ಚುತ್ತಿದ್ದರು. ಸಾವಂತ್ರೆವ್ವ ಅವನಿಗೆಂದೇ ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕದೆ ಬೇರೆ ಪಲ್ಯ ಮಾಡಿ, ಬೇರೆ ಅರಿವೆಯಲ್ಲಿ ಕಟ್ಟುತ್ತಿದ್ದಳು. ಮಕ್ಕಳಿಲ್ಲದ ಮನೆಯಲ್ಲಿ ಆ ಎರಡನೇ ಬುತ್ತಿಯ ಗಂಟು ಕಟ್ಟುವಾಗ ಆಕೆಯ ಮುಖ ಬೇರೆಯಾಗುತ್ತಿತ್ತು.

ಎಲ್ಲ ಗುಡ್ಡ ತಿರುಗಿ ಕೊನೆಗೆ ಇಬ್ಬರೂ ಮನಸ್ಸು ಕೊಟ್ಟದ್ದು ಹದ್ದಿನಗುಡ್ಡಕ್ಕೇ. ನೆತ್ತಿಯಲ್ಲಿ ಹುಲ್ಲಿನ ಜಾರು, ಅದು ಮುಗಿದಲ್ಲಿ ಅತ್ತಿಮರದ ತಿರುವು, ತಿರುವು ದಾಟಿದ ಕೂಡಲೇ ಮೂರು ಕಲ್ಲಿನ ಕಡಿದಾದ ಮೆಟ್ಟಿಲು. ಮೂರೂ ಸವೆದು ಹಳದಿಯಾಗಿ, ಸಂದು ಬಿಟ್ಟುಕೊಂಡು ನಿಂತಿದ್ದವು. ಕೇದಾರಿ ಅದಕ್ಕೆ 'ಮುದುಕಿ ಹಲ್ಲು' ಎಂದು ಹೆಸರಿಟ್ಟಿದ್ದ. ಅದರ ಕೆಳಗೆ ಕೆಂಪು ಮಣ್ಣಿನ ಉದ್ದನೆಯ ಏಣು, ಸೈಕಲ್ ತಾನೇ ಹಾಡುತ್ತ ಹೋಗುವಂಥದ್ದು. ಆದರೆ ಮುದುಕಿ ಹಲ್ಲಿನಲ್ಲಿ ಮೂರು ತಿಂಗಳು ಇಬ್ಬರೂ ಸೈಕಲ್ ಹೊತ್ತೇ ಇಳಿದರು. ಒಂದು ದಿನ ಕೇದಾರಿ ಅಲ್ಲಿ ಕುಕ್ಕರಗಾಲಲ್ಲಿ ಕೂತು ಆಡುಗಳನ್ನು ನೋಡುತ್ತಲೇ ಇದ್ದ. ಅವು ನಡುವಿನ ಹಲ್ಲಿನ ಎಡಕ್ಕೆ ಒಂದೇ ಗೇಣಿನ ಜಾಗದಲ್ಲಿ ಕಾಲಿಟ್ಟು ಇಳಿಯುತ್ತಿದ್ದವು. ಅವನು ಎದ್ದು ಸೈಕಲ್ ಹತ್ತಿದ. ನಾಲ್ಕು ಸಲ ಬಿದ್ದ. ಐದನೇ ಸಲ ಕುಂಡೆಯನ್ನು ಹಿಂದಿನ ಗಾಲಿಯ ಮೇಲಿಟ್ಟು, ಹಿಂದಿನ ಬ್ರೇಕನ್ನಷ್ಟೇ ಮೆಲ್ಲಗೆ ಹಿಡಿದು, ಟಕ್ ಟಕ್ ಟಕ್ ಎಂದು ಇಳಿದೇಬಿಟ್ಟ.

ಅಭಿನಂದನ ಓಡಿಬಂದು ತಬ್ಬಿಕೊಂಡ. "ಕಾಕಾ! ಖರೆ ಹೇಳ್ತೇನಿ, ಈ ಇಳಕಲಿಗೆ ನಿಮ್ಮ ಹೆಸರ ಇಡೂಣು. ಕೇದಾರಿ ಇಳಕಲು! ಎಲ್ಲಾರ ಮುಂದ ಹೇಳ್ತೇನಿ ನೋಡ್ರಿ ಬೇಕಾದ್ರ."

"ಹೋಗೋ ಮಾರಾಯಾ, ನನ್ನ ಹೆಸರ ಇಟ್ರ ಇದ್ದ ಹಲ್ಲೂ ಉದರ್ಯಾವು," ಎಂದು ಕೇದಾರಿ ನಕ್ಕ. ಅವನಿಗೂ ಮುದುಕಿ ಹಲ್ಲು ಇಳಿಯುವುದನ್ನು ಕಲಿಸಿದ. "ನೆಪ್ಪಿರ್ಲಿ. ಇಲ್ಲಿ ಹಿಂದಿನ ಬ್ರೇಕ್ ಅಷ್ಟ. ಮುಂದಿಂದು ಮುಟ್ಟಿದ್ಯೋ, ಮುದುಕಿ ಕಚ್ಚತಾಳ."

ನಗುತ್ತ ತಳ್ಳಿಹಾಕಿದ ಆ ಹೆಸರನ್ನು ಮನಸ್ಸಿನಿಂದ ತಳ್ಳಲು ಅವನಿಂದ ಆಗಲಿಲ್ಲ. ಯಾಕಾಗಬೇಕು? ಜೀವಮಾನವೆಲ್ಲ ಮಂದಿಯ ಸೈಕಲ್ ರಿಪೇರಿ ಮಾಡಿದವನಿಗೆ ತನ್ನದು ಅಂತ ಒಂದು ಇರಬಾರದೇ? ಎಲ್ಲರ ಮುಂದೆ ಒಮ್ಮೆ, ಒಂದೇ ಒಂದು ಸಲ, "ಇದು ಕೇದಾರಿಯ ಇಳಕಲು" ಎಂದು ಯಾರಾದರೂ ಅಂದರೆ ಸಾಕಿತ್ತು. ಅದಕ್ಕಿಂತ ಹೆಚ್ಚಿನದನ್ನು ಅವನು ಎಂದೂ ಬಯಸಿರಲಿಲ್ಲ.

ಆ ದಿನವೂ ಬಂತು. ಎರಡು ಸಾವಿರದ ಐದರ ಜನವರಿ, ಸಂಕ್ರಮಣ ಮುಗಿದ ಮೊದಲ ಐತವಾರ. ಬೆಳಗಾವಿ, ಕೊಲ್ಹಾಪುರದಿಂದ ಹತ್ತು ಮಂದಿ ಸೈಕಲ್ ಸವಾರರನ್ನು ಅಭಿನಂದನ ಕರೆಸಿದ್ದ. ಹದ್ದಿನಗುಡ್ಡದ ಮೇಲಿಂದ ಕೆಳಗೆ ಸ್ಪರ್ಧೆ. ಪೇಪರಿನವರೂ ಬರುವವರಿದ್ದರು. ಗುಡ್ಡದ ಬುಡದ ಊರಿನ ಮುಖಂಡ ರಾವಸಾಹೇಬ ಕಾಯಿ ಒಡೆಯಲು ಒಪ್ಪಿದ್ದ.

ಹಿಂದಿನ ದಿನ ಅಭಿನಂದನ ತನ್ನ ಸೈಕಲ್ಲನ್ನು ತಂದು ಕೇದಾರಿಯ ಅಂಗಡಿಯಲ್ಲಿ ಬಿಟ್ಟ. ಇದು ಸಣ್ಣ ಸಂಗತಿಯಲ್ಲ. ಎರಡು ವರ್ಷದಲ್ಲಿ ಅವನು ಅದಕ್ಕೆ ಗಾಳಿ ಹಾಕಲು ಬಿಟ್ಟರೆ ಬೇರೆ ಯಾವ ಕೆಲಸಕ್ಕೂ ಕೇದಾರಿಯ ಕೈ ಹಚ್ಚಗೊಟ್ಟಿರಲಿಲ್ಲ. ಏನೇ ಆದರೂ ಪುಣೆಗೇ ಒಯ್ಯುತ್ತಿದ್ದ. ಈಗ ಬ್ರೇಕಿನ ತಂತಿ ಎಳೆ ಬಿಟ್ಟಿತ್ತು, ಪುಣೆಗೆ ಹೋಗಲು ಹೊತ್ತಿರಲಿಲ್ಲ. "ತಂತಿ ಅಷ್ಟ ಬದಲಿ ಮಾಡ್ರಿ ಕಾಕಾ. ನಾಳೆ ನೀವು ಟೆಂಪೋದಾಗ ಹಾಕ್ಕೊಂಡ ಗುಡ್ಡದ ಮ್ಯಾಲ ತರ್ರಿ. ನಾ ಹುಕ್ಕೇರಿಯಿಂದ ಸೀದಾ ಅಲ್ಲಿಗೇ ಬರ್ತೇನಿ."

ತಂತಿ ಬಿಚ್ಚಿದಾಗ ಕೇದಾರಿಗೆ ತಪ್ಪು ಕಂಡಿತು. ನಮ್ಮ ಸೈಕಲ್ಲಿನಲ್ಲಿ ಬಲಗೈ ಹಿಡಿಕೆ ಮುಂದಿನ ಗಾಲಿಗೆ, ಎಡಗೈ ಹಿಡಿಕೆ ಹಿಂದಿನ ಗಾಲಿಗೆ. ಅವನು ಹುಟ್ಟಿದಾಗಿನಿಂದ ಕಂಡದ್ದು ಹಾಗೆಯೇ, ಸಾವಿರಾರು ಸೈಕಲ್ ಜೋಡಿಸಿದ್ದೂ ಹಾಗೆಯೇ. ಇದರಲ್ಲಿ ಉಲ್ಟಾ ಇತ್ತು. ಬಲಗೈ ಹಿಂದಿನದಕ್ಕೆ, ಎಡಗೈ ಮುಂದಿನದಕ್ಕೆ. ಅಮೆರಿಕದಲ್ಲಿ ಅದೇ ಸರಿ, ಅಲ್ಲಿ ಹಾಗೇ ಜೋಡಿಸುತ್ತಾರೆ ಎಂದು ಅವನಿಗೆ ಹೇಳುವವರು ಯಾರು? "ಪುಣೆದ ಮಿಸ್ತ್ರಿಗೋಳ ಶಾಣ್ಯಾತನ ನೋಡ! ಅಷ್ಟ ರೊಕ್ಕದ ಸೈಕಲ್ಲಿಗಿ ಬ್ರೇಕ್ ಉಲ್ಟಾ ಕುಂಡರ್ಸ್ಯಾರ!" ಎಂದು ಅಂಗಡಿಯ ಹಿಂದಿನ ಅಡುಗೆಮನೆಯಲ್ಲಿದ್ದ ಹೆಂಡತಿಗೆ ಕೇಳುವಂತೆ ಕೂಗಿದ. ಎರಡು ತಾಸು ಕೂತು, ತಂತಿ ಅಳತೆ ಮಾಡಿ, ಕತ್ತರಿಸಿ, ಎಣ್ಣೆ ಬಿಟ್ಟು, ತನ್ನ ಲೆಕ್ಕದಲ್ಲಿ ನೆಟ್ಟಗೆ ಮಾಡಿದ. ಕೆಲಸ ನೋಡಿದರೆ ಕಣ್ಣು ತುಂಬಬೇಕು, ಹಾಗಿತ್ತು.

ಮರುದಿನ ಮುಂಜಾನೆ ಕೇದಾರಿ ಟೆಂಪೋ ಹತ್ತುವಾಗ ಸಾವಂತ್ರೆವ್ವ ಬಾಗಿಲಿಗೆ ಬಂದು ಎರಡು ಬುತ್ತಿ ಕೊಟ್ಟಳು.

"ಬ್ರೇಕ್ ಬದಲಿ ಮಾಡಿದ್ದು ಅಂವಗ ಮದಲ ಹೇಳ್ರಿ ಮತ್ತ. ಕೈಗಿ ರೂಢಿ ಇರ್ತೈತಿ. ನಮ್ಮ ಅಡಗಿಮನ್ಯಾಗ ಉಪ್ಪಿನ ಡಬ್ಬಿ ಜಾಗಾ ಬದಲಿ ಮಾಡಿದ್ರ ನಾನೂ ಸಕ್ರಿ ಹಾಕ್ತೇನಿ."

"ಏ, ಹೇಳೂದ ಐತಿ! ಕೇಳಿ ಎಷ್ಟ ಖುಷಿ ಆಗ್ತಾನ ನೋಡು."

ಗುಡ್ಡದ ಮೇಲೆ ಜಾತ್ರೆಯಂತೆ ಮಂದಿ. ಬಣ್ಣಬಣ್ಣದ ಟೋಪಿಗಳು, ಜೀಪುಗಳು. ಕೇದಾರಿ ಸೈಕಲ್ ಹಿಡಿದು ಅಭಿನಂದನನ ಕಡೆ ನಡೆದ. ಹೇಳುವ ಮಾತು ನಾಲಿಗೆಯ ತುದಿಯಲ್ಲಿತ್ತು. ಹತ್ತು ಹೆಜ್ಜೆ ದೂರವಿದ್ದಾಗ ಪೇಪರಿನವನು ಅಭಿನಂದನನಿಗೆ ಕೇಳಿದ್ದು ಕಿವಿಗೆ ಬಿತ್ತು.

"ಈ ದಾರಿ ಯಾರ ಹುಡಿಕಿದ್ರಿ?"

ಕೇದಾರಿ ನಿಂತ. ಅಂಗಿಯ ಕಾಲರನ್ನು ಸರಿಮಾಡಿಕೊಂಡ, ಪಾಪ.

"ನಾನ ರಿ," ಎಂದ ಅಭಿನಂದನ. "ಎರಡ ವರ್ಷ ಗುಡ್ಡಾ ಗುಡ್ಡಾ ತಿರಗಿ ಹುಡಿಕೇನಿ."

"ಇವರ?" ಪೇಪರಿನವನು ಕೇದಾರಿಯನ್ನು ತೋರಿಸಿದ.

"ಇವ್ರು ನಮ್ಮ ಸೈಕಲ್ ಮಿಸ್ತ್ರಿ." ಅಷ್ಟು ಹೇಳಿ ಅವನು ನಗುತ್ತ ಬಂದು ಸೈಕಲ್ಲಿಗೆ ಕೈಚಾಚಿದ. "ಎಲ್ಲಾ ಬರೋಬ್ಬರಿ ಐತೆಲ್ಲ ಕಾಕಾ?"

ಬಾಯಿಗೆ ಬೀಗ ಬಿತ್ತು ಅನ್ನುತ್ತಾರಲ್ಲ, ಅದು ಸುಳ್ಳು. ಬೀಗ ತಾನಾಗಿ ಬೀಳುವುದಿಲ್ಲ, ಯಾರಾದರೂ ಹಾಕಬೇಕು. ಕೇದಾರಿ ಹಾಕಿದ. ಮಿಸ್ತ್ರಿಯಲ್ಲವೇ ನಾನು? ಮಿಸ್ತ್ರಿ ಕೆಲಸ ಮಾಡುತ್ತಾನೆ, ಮಾತಾಡುವುದಿಲ್ಲ. ಹಿಡಿಕೆ ಒತ್ತಿದರೆ ಅವನಿಗೇ ತಿಳಿದೀತು, ಎಷ್ಟೆಂದರೂ ಗುಡ್ಡ ಕಂಡುಹಿಡಿದ ಶಾಣ್ಯಾ ಅಲ್ಲವೇ. ಬಾಯಿಂದ ಹೊರಬಿದ್ದದ್ದು ಎರಡೇ ಮಾತು.

"ಬರೋಬ್ಬರಿ ಐತಿ."

ರಾವಸಾಹೇಬ ಕಾಯಿ ಒಡೆದ. ಮೊದಲ ಇಳಿತ ಅಭಿನಂದನನದು. ಹುಲ್ಲಿನ ಜಾರಿನಲ್ಲಿ ಅವನು ಎರಡೂ ಬ್ರೇಕನ್ನು ಒಟ್ಟಿಗೇ ಮೆಲ್ಲಗೆ ಹಿಡಿದು ಹೋದ, ಹಾಗಾಗಿ ಏನೂ ಗೊತ್ತಾಗಲಿಲ್ಲ. ಅಲ್ಲಿಂದ ಮುದುಕಿ ಹಲ್ಲಿಗೆ ಬೀಡಿ ಹಚ್ಚಿ ಎರಡು ದಮ್ಮು ಎಳೆಯುವಷ್ಟು ಹೊತ್ತು. ಅಷ್ಟು ಹೊತ್ತಿನಲ್ಲಿ ಒಂದು ಸಲ ಕೂಗಿದ್ದರೆ ಸಾಕಿತ್ತು. ಗಾಳಿ ಇರಲಿಲ್ಲ, ಕೂಗು ಕೇಳುತ್ತಿತ್ತು. ಕೇದಾರಿ ಬಾಯಿ ತೆರೆದ. ಪಕ್ಕದಲ್ಲಿ ಪೇಪರಿನವನು ಅಭಿನಂದನನ ಫೋಟೋ ತೆಗೆಯುತ್ತಿದ್ದ. ಕೇದಾರಿ ಬಾಯಿ ಮುಚ್ಚಿದ. ಬಿಳಿ ಅಂಗಿ ಅತ್ತಿಮರದ ಹಿಂದೆ ಮರೆಯಾಯಿತು.

ಗುರು ಕಲಿಸಿದ್ದನ್ನು ಶಿಷ್ಯ ಚಾಚೂ ತಪ್ಪದೆ ಮಾಡಿದ್ದ. ಕುಂಡೆ ಹಿಂದಕ್ಕೆ, ಹಿಂದಿನ ಬ್ರೇಕ್ ಅಷ್ಟೇ, ಅಂದರೆ ತನ್ನ ಬಲಗೈ ಅಷ್ಟೇ. ಬಲಗೈ ಮುಂದಿನ ಗಾಲಿಯನ್ನು ಕಚ್ಚಿ ಹಿಡಿಯಿತು. ಸೈಕಲ್ ಮುಗುಚಿ, ಅವನು ಹಿಡಿಕೆಯ ಮೇಲಿಂದ ಹಾರಿ ಮೂರನೇ ಹಲ್ಲಿನ ಮೇಲೆ ಸೊಂಟ ಕೊಟ್ಟು ಬಿದ್ದ. ಮೊದಲು ಓಡಿದವನು ಕೇದಾರಿಯೇ. ಹೊತ್ತುಕೊಂಡು ಜೀಪಿಗೆ ಹಾಕಿದವನೂ ಅವನೇ. "ಕಾಕಾ, ಹಿಂದಿಂದ ಹಿಡಿದಿದ್ದೆ... ಹಿಂದಿಂದ ಹಿಡಿದಿದ್ದೆ..." ಎಂದು ಹುಡುಗ ನರಳುತ್ತಿದ್ದ. ಕೇದಾರಿ ಅವನ ಹಣೆಯ ರಕ್ತ ಒರೆಸುತ್ತಿದ್ದ, ಅಷ್ಟೇ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಎರಡು ವರ್ಷದ ಇಳಕಲು ಅಂದೇ ಮುಗಿಯಿತು. ಬೆಳಗಾವಿಯ ದವಾಖಾನೆಯಲ್ಲಿ ಸೊಂಟದ ಎಲುಬಿಗೆ ಉಕ್ಕಿನ ಸಳಿ ಹಾಕಿದರು. ಜೀವಕ್ಕೆ ಭಯವಿಲ್ಲ, ಆದರೆ ಕೋಲಿಲ್ಲದೆ ನಡೆಯುವುದು ಕಷ್ಟ ಎಂದರು. ಕೇದಾರಿ ಎಳನೀರು ತೆಗೆದುಕೊಂಡು ಒಂದೇ ಸಲ ಹೋದ. ಮಂಚದ ಬಳಿ ಕುಂಥುನಾಥ ಸಾವಕಾರರು ಮಗನ ಕಾಲು ನೀವುತ್ತ ಕೂತಿದ್ದರು. ಎಳನೀರು ಇಟ್ಟವನು ನೀರೂ ಕುಡಿಯದೆ ತಿರುಗಿ ಬಂದ.

ಇತ್ತ ಗುಡ್ಡದ ಬುಡದ ಊರಲ್ಲಿ ಪಂಚಾಯ್ತಿ ಕೂಡಿತು. "ಸೈಕಲ್ ಹಸನ ಇತ್ತಂತ, ಹುಡುಗನೂ ಹುಷಾರ. ಅಂದಮ್ಯಾಲ ದಾರಿನ ಕೆಟ್ಟದು. ಇಂಥಾ ದಾರಿ ಯಾಂವ ಹುಡಿಕಿದ್ದಲೇ?" ಎಂದು ರಾವಸಾಹೇಬ ಗುಡುಗಿದ. ಅಲ್ಲಿಯವರೆಗೆ ಅಭಿನಂದನನ ದಾರಿ ಎನ್ನುತ್ತಿದ್ದ ಬಾಯಿಗಳೆಲ್ಲ ಒಟ್ಟಿಗೇ ತೆರೆದವು. "ಗೋಕಾಕದ ಕೇದಾರಿ ಮಿಸ್ತ್ರಿರಿ!"

ಕೇದಾರಿ ಅಲ್ಲೇ ಇದ್ದ. ದಾರಿಯ ತಪ್ಪಲ್ಲ, ನನ್ನ ಕೈಯ ತಪ್ಪು ಎಂದು ಎದ್ದು ಹೇಳಿದ್ದರೆ ಗುಡ್ಡ ಉಳಿಯುತ್ತಿತ್ತು. ಹೇಳಿದರೆ ಅಂಗಡಿಗೆ ಯಾರು ಬರುತ್ತಾರೆ, ಸಾವಕಾರರು ಬಿಡುತ್ತಾರೆಯೇ? ಅವನು ಗುಡ್ಡವನ್ನು ಬಿಟ್ಟುಕೊಟ್ಟ. ಮುಳ್ಳಿನ ಬೇಲಿ ಬಿತ್ತು, ಅತ್ತಿಮರದ ಹತ್ತಿರ ಅಡ್ಡ ಕಂದಕ ತೋಡಿದರು, ನೆತ್ತಿಯಲ್ಲಿ ತಗಡಿನ ಬೋರ್ಡು ನಿಂತಿತು. ಕೆಂಪು ಬಣ್ಣದ ದೊಡ್ಡ ಅಕ್ಷರ: 'ಅಪಾಯ! ಕೇದಾರಿ ಇಳಕಲು. ಸೈಕಲ್ ಇಳಿಸಬಾರದು.' ಬಯಸಿದ್ದು ಸಿಕ್ಕಿತಲ್ಲ! ಎಲ್ಲರ ಮುಂದೆ, ಹೋಗಿಬರುವವರೆಲ್ಲ ಓದುವಂತೆ. ಹಾಳು ದೇವರು ಕೊಟ್ಟರೂ ಹೀಗೇ ಕೊಡುತ್ತಾನೆ.

ಸಾವಂತ್ರೆವ್ವ ಏನೂ ಕೇಳಲಿಲ್ಲ. ಸುದ್ದಿ ಕೇಳಿದ ದಿನ ಗಂಡನ ಮುಖವನ್ನು ಒಮ್ಮೆ ನೋಡಿದ್ದಳು. ಅಂದಿನಿಂದ ಬೈಯುವುದನ್ನೇ ಬಿಟ್ಟಳು. ಮೊಣಕಾಲಿಗೆ ಹಚ್ಚುವ ಅರಿಷಿಣವೂ ಬೇಕಾಗಲಿಲ್ಲ, ಯಾಕೆಂದರೆ ಕೇದಾರಿ ಮತ್ತೆ ಗುಡ್ಡ ಹತ್ತಲಿಲ್ಲ.

ಮರುವರ್ಷದ ಮಾರ್ಚ್ ತಿಂಗಳು. ಹುಕ್ಕೇರಿ ಬಸ್ಸಿನ ಮೇಲಿಂದ ಕಂಡಕ್ಟರ್ ಒಂದು ಸೈಕಲ್ ಇಳಿಸಿಕೊಟ್ಟ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಸೈಕಲ್ ಹಿಡಿದು ಅಭಿನಂದನ ಕುಂಟುತ್ತ ಅಂಗಡಿಗೆ ಬಂದ. ಕೇದಾರಿ ಸ್ಟೂಲು ಸರಿಸಿದ.

"ಕಾಕಾ, ಮನ್ಯಾಗ ಈ ಸೈಕಲ್ ನನ್ನ ಹಾಸಗಿ ಬಾಜೂಕ ನಿಲ್ಲಿಸಿದ್ರು," ಎಂದು ಅಭಿನಂದನ ಕೂತು ಶುರು ಮಾಡಿದ. "ಹೊತ್ತ ಹೋಗವಲ್ದು ಅಂತ ಮಲಕೊಂಡಲ್ಲೆ ಬಲಗೈ ಹಿಡಿಕಿ ಒತ್ತಿದೆ. ಮುಂದಿನ ಗಾಲಿ ಹಿಡೀತು. ಮತ್ತ ಒತ್ತಿದೆ. ಮತ್ತ ಮುಂದಿಂದ."

ಕೇದಾರಿ ನೆಲ ನೋಡುತ್ತಿದ್ದ.

"ನಮ್ಮಪ್ಪಗೂ ಹೇಳ್ಲಿಲ್ಲ. ನೀವ ಬಂದ ಹೇಳ್ತೀರಿ ಅಂತ ದಿನಾ ಬಾಗಲಾ ನೋಡತಿದ್ದೆ. ನೀವು ಬರ್ಲಿಲ್ಲ. ಅದಕ್ಕ ನಾನ ಬಂದೇನಿ. ಮದಲ ನನ್ನ ತಪ್ಪ ಹೇಳ್ತೇನಿ. ಅವತ್ತ ಪೇಪರಿನಂವಗ ನಾನ ಹುಡಿಕೇನಿ ಅಂದೆ, ನಿಮಗ ಬರೇ ಮಿಸ್ತ್ರಿ ಅಂದೆ. ಮಂದಿ ಮುಂದ ದೊಡ್ಡಾಂವ ಆಗೂ ಆಸೆ. ಹಾಸಿಗ್ಯಾಗ ಬಿದ್ದ ಅದನ್ನ ನೆನಸಿ ನೆನಸಿ ಅತ್ತೇನ್ರಿ. ಈಗ ನೀವು ಒಂದ ಮಾತ ಹೇಳ್ರಿ. ಬ್ರೇಕ್ ಬದಲಿ ಮಾಡಿದ್ದು ಹೇಳಾಕ ಮರ್ತಿದ್ರೋ, ನೆಪ್ಪಿದ್ದೂ ಸುಮ್ಮನಾದ್ರೋ?"

ಒಳಗಿನಿಂದ ಸಾವಂತ್ರೆವ್ವ ಚಹಾದ ಕಪ್ಪು ಹಿಡಿದು ಬಾಗಿಲಿಗೆ ಬಂದು ನಿಂತಿದ್ದಳು. ಕೇದಾರಿಯ ಬೆನ್ನು ಆಕೆಯ ಕಡೆಗಿತ್ತು.

"ಮರ್ತಿದ್ದೆ ಅಭಿ," ಎಂದ ಕೇದಾರಿ. "ಖರೇನ ಮರ್ತಿದ್ದೆ. ಆ ಗದ್ದಲದಾಗ ನೆಪ್ಪ ಹಾರಿತು. ಆಮ್ಯಾಲ ಹೇಳಾಕ ಧೈರ್ಯ ಆಗ್ಲಿಲ್ಲ."

ಅಭಿನಂದನನ ಮುಖ ಸಡಿಲಾಯಿತು. ನಂಬಬೇಕೆಂದೇ ಬಂದವನಿಗೆ ಅಷ್ಟು ಸಾಕಿತ್ತು. ಕಣ್ಣಲ್ಲಿ ನೀರು ತುಂಬಿ, ಕೈ ಮುಂದೆ ಮಾಡಿ ಕೇದಾರಿಯ ಮೊಣಕೈ ಹಿಡಿದ. "ಅಷ್ಟ ಸಾಕ್ರಿ ಕಾಕಾ! ಮರಿಯೂದು ಮನಷ್ಯಾರಿಗೆ ಇದ್ದಿದ್ದ. ನಡೀರಿ, ಇವತ್ತ ರಾವಸಾಹೇಬರ ಕಡೆ ಹೋಗೂಣು. ದಾರಿದು ತಪ್ಪಿಲ್ಲ ಅಂತ ನಾನ ಹೇಳ್ತೇನಿ. ಆ ಬೋರ್ಡ್ ತಗಸೂಣು. ಬ್ಯಾರೆ ಬೋರ್ಡ್ ಹಾಕ್ಸೂಣು, ಇದನ್ನ ಹುಡಿಕಿದಾಂವ ನಮ್ಮ ಕಾಕಾ ಅಂತ. ನನಗ ಇಳಿಯಾಕ ಆಗೂದಿಲ್ಲ, ನೀವು ಇಳೀರಿ. ನಾ ಬುಡದಾಗ ಕುಂತ ನೋಡ್ತೇನಿ."

ಕೇದಾರಿಯ ತಲೆ ಮೆಲ್ಲಗೆ ಮೇಲೆದ್ದಿತು. ಹದಿನಾಲ್ಕು ತಿಂಗಳ ನಂತರ ಅವನ ಮುಖದಲ್ಲಿ ನಗೆಯಂಥದ್ದೊಂದು ಮೂಡತೊಡಗಿತ್ತು.

ಸಾವಂತ್ರೆವ್ವ ಬಂದು ಚಹಾವನ್ನು ಅಭಿನಂದನನ ಮುಂದಿಟ್ಟಳು. ಸೆರಗಿನಿಂದ ಕೈ ಒರೆಸಿಕೊಂಡಳು.

"ಮರ್ತಿದ್ದಿಲ್ಲಪಾ," ಎಂದಳು. "ಮುಂಜಾನಿ ಬಾಗಲದಾಗ ನಿಂತ ನಾನ ನೆಪ್ಪ ಮಾಡಿ ಕಳಿಸಿದ್ದೆ. ನಿನ್ನ ಬುತ್ತಿ ಕೈಯಾಗ ಕೊಟ್ಟ ಹೇಳಿದ್ದೆ."

ಓಣಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸುತ್ತ ಹೋದರು. ಅಭಿನಂದನ ಹಿಡಿದಿದ್ದ ಮೊಣಕೈ ಬಿಟ್ಟ. ಕೋಲು ತೆಗೆದುಕೊಂಡು, ಗೋಡೆ ಹಿಡಿದು ಎದ್ದ. ಸೈಕಲ್ ಕಡೆ ಒಮ್ಮೆ ನೋಡಿದ, ಮುಟ್ಟಲಿಲ್ಲ. "ಬರ್ತೇನ್ರಿ ಕಾಕು," ಎಂದು ಆಕೆಗಷ್ಟೇ ಹೇಳಿ, ಬಂದ ಹಾದಿಯಲ್ಲೇ ಕುಂಟುತ್ತ ಬಸ್‌ಸ್ಟ್ಯಾಂಡಿನ ಕಡೆ ನಡೆದ.

ಅವನು ಓಣಿಯ ಮೂಲೆ ತಿರುಗುವ ತನಕ ಕೇದಾರಿ ನೋಡಿದ. ಆಮೇಲೆ ಹೆಂಡತಿಯ ಕಡೆ ತಿರುಗಿದ. "ಯಾಕ ಹೇಳ್ದಿ? ಎಲ್ಲಾ ಹಸನ ಆಗಾಕತ್ತಿತ್ತಲ್ಲ! ಯಾಕ ಹೇಳ್ದಿ?"

"ಹದಿನಾಲ್ಕ ತಿಂಗಳ ನೀವು ಹೇಳ್ತೀರಿ ಅಂತ ನಾನೂ ಕಾದೇನ್ರಿ," ಎಂದಳು ಸಾವಂತ್ರೆವ್ವ. ಕುಡಿಯದೆ ಬಿಟ್ಟ ಚಹಾದ ಕಪ್ಪನ್ನು ಎತ್ತಿಕೊಂಡು ಒಳಗೆ ಹೋದಳು.